ಎಂಜಿನ್ ಬಿಚ್ಚಿಸುವ ಮೊದಲು

ಚಿ. ಸುರೇಶನಿಗೆ ಮಾವನ ಆಶೀರ್ವಾದಗಳು.

ನಾಡದೋಣಿಯ ಹಿಂಬದಿಗೆ ಕಟ್ಟುವ ಸೀಮೆಎಣ್ಣೆ ಎಂಜಿನ್ (ಔಟ್‌ಬೋರ್ಡ್) ರಿಪೇರಿ ಮಾಡಿಸಲೋ, ಹೊಸದೇ ತರಲೋ ಎಂದು ಕೇಳಿದ್ದೀಯ. ಎಂಜಿನ್ನಿನ ವಯಸ್ಸು ಬದಿಗಿಡು. ಕೆಟ್ಟಿರುವುದು ಬದಲಿಸಬಹುದಾದ ಭಾಗವೋ, ಉಪ್ಪು ತಿಂದ ಬ್ಲಾಕೋ, ಅಂದರೆ ಎಂಜಿನ್ನಿನ ಮೈಯೋ ಎಂಬುದು ಮುಖ್ಯ. ಅದರಲ್ಲಿ ಮುಕ್ಕಾಲು ಪಾಲು ಬಿಚ್ಚದೆಯೇ ತಿಳಿಯುತ್ತದೆ. ಬಿಚ್ಚಿ ಹರಡಿದ ಮೇಲೆ ಚೌಕಾಸಿಗೆ ಜಾಗವಿರುವುದಿಲ್ಲ.

ಮೊದಲು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ ನೋಡು. ಐದು ನಿಮಿಷ ಪೆಟ್ರೋಲಿನಲ್ಲಿ ಓಡಿಸಿ ಬಿಸಿ ಮಾಡು. ಎರಡೂ ಪ್ಲಗ್ ತೆಗೆ, ಪ್ಲಗ್ ವೈರುಗಳನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ ಅರ್ತ್ ಮಾಡು, ಇಲ್ಲವಾದರೆ ಪ್ಲಗ್ಗಿಗೆ ಕಿಡಿ ಕೊಡಿಸುವ ಸಿಡಿಐ ಪೆಟ್ಟಿಗೆ ಸುಡುವ ಸಂಭವವಿದೆ. ಆಕ್ಸಿಲರೇಟರ್ ಪೂರ್ತಿ ತೆರೆದಿಟ್ಟು, ಪ್ಲಗ್ ತೂತಿಗೆ ಒತ್ತಡ ಅಳೆಯುವ ಗೇಜ್ ಹಾಕಿ ಮುಳ್ಳು ನಿಲ್ಲುವವರೆಗೆ ಐದಾರು ಸಲ ಹಗ್ಗ ಎಳೆ. ಸೀಮೆಎಣ್ಣೆ ಎಂಜಿನ್ನಿನ ಕಂಪ್ರೆಷನ್ ಪೆಟ್ರೋಲಿನದಕ್ಕಿಂತ ಕಡಿಮೆಯೇ. ಅಂಕಿ ಕಂಡು ಹೆದರಬೇಡ, ಎರಡು ಸಿಲಿಂಡರಿನ ನಡುವಿನ ಅಂತರ ನೋಡು. ಒಂದು 85, ಇನ್ನೊಂದು 80 ಪಿಎಸ್‌ಐ ಆದರೆ ಚಿಂತೆಯಿಲ್ಲ. ಒಂದು 85, ಇನ್ನೊಂದು 60 ಆದರೆ ಕಡಿಮೆಯದ್ದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಎಳೆ. ಮುಳ್ಳು ಏರಿದರೆ ದೋಷ ಪಿಸ್ಟನ್ನಿನ ರಿಂಗಿನದು ಅಥವಾ ಬೋರಿನದು (ಸಿಲಿಂಡರಿನ ಒಳಗೋಡೆ). ಏರದಿದ್ದರೆ ಹೆಡ್ ಗ್ಯಾಸ್ಕೆಟ್, ಇಲ್ಲವೇ ಪಿಸ್ಟನ್ನೇ ತೂತಾಗಿರಬಹುದು.

ರಿಂಗ್ ಎಂದಾಕ್ಷಣ ಬೋರಿಂಗಿಗೆ ಓಡಬೇಡ. ದಡಕ್ಕೆ ಬರುವಾಗ ಪೆಟ್ರೋಲಿಗೆ ತಿರುಗಿಸದೆ ಸೀಮೆಎಣ್ಣೆಯಲ್ಲೇ ಆರಿಸುವ ದೋಣಿಗಳಲ್ಲಿ ರಿಂಗ್ ಸವೆಯುವ ಮೊದಲೇ ಕಾರ್ಬನ್ ಕಟ್ಟಿ ಪಿಸ್ಟನ್ನಿನ ತೋಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ಡಿಕಾರ್ಬನ್ ದ್ರಾವಣ ಪ್ಲಗ್ ತೂತಿನಲ್ಲಿ ಬಿಟ್ಟು ರಾತ್ರಿಯಿಡೀ ಇಡು. ಮರುದಿನ ಪ್ಲಗ್ ಹಾಕದೆ ಹಗ್ಗ ಎಳೆದು ಹೊರಹಾಕಿ, ಅರ್ಧ ಗಂಟೆ ಓಡಿಸಿ ಮತ್ತೆ ಅಳೆ. ಹಲವು ಎಂಜಿನ್‌ಗಳು ಇಷ್ಟಕ್ಕೇ ದಾರಿಗೆ ಬರುತ್ತವೆ.

ಬೋರಿನಲ್ಲಿ ಉಗುರಿಗೆ ತಾಗುವ ಗೀರಿದ್ದರೆ 0.25 ಅಥವಾ 0.50 ಮಿ.ಮೀ. ದೊಡ್ಡ (ಓವರ್‌ಸೈಜ್) ಪಿಸ್ಟನ್ ಬೇಕು. ಪಿಸ್ಟನ್ ಕೈಗೆ ಬಂದ ಮೇಲೆ, ಅದರ ಅಳತೆಗೇ ಬೋರ್ ಮಾಡಿಸು. ಈಗಾಗಲೇ 0.50 ಆಗಿದ್ದರೆ ಮುಂದಿನ ಸೈಜಿನ ಪಿಸ್ಟನ್ ಸಿಕ್ಕುತ್ತದೆಯೇ ಎಂದು ಮೊದಲೇ ಕೇಳು. ಫ್ಲೈವೀಲ್ ಹಿಡಿದು ಅಲ್ಲಾಡಿಸಿದಾಗ ಆಟವಿದ್ದರೆ ಕ್ರ್ಯಾಂಕ್ ಬೇರಿಂಗೂ ಹೋಗಿದೆ. ಬೋರಿಂಗ್, ಕ್ರ್ಯಾಂಕ್ ಎರಡೂ ಸೇರಿದರೆ ನಾನಾದರೆ ರಿಪೇರಿ ಬೇಡ ಎನ್ನುವೆ.

ಪ್ಲಗ್‌ಗಳನ್ನು ಬೆಳಕಿಗೆ ಹಿಡಿ. ಒಂದು ಕಪ್ಪಗಿದ್ದು ಇನ್ನೊಂದು ತೊಳೆದಿಟ್ಟಂತಿದ್ದರೆ, ಅಂಚಿನಲ್ಲಿ ಬಿಳಿ ಉಪ್ಪಿದ್ದರೆ, ಸಿಲಿಂಡರಿಗೆ ನೀರು ಹೋಗುತ್ತಿದೆ. ಸಿಲಿಂಡರಿನ ಮುಚ್ಚಳವಾದ ಹೆಡ್ ತೆಗೆಸಿ ದಪ್ಪ ಗಾಜಿನ ಮೇಲಿಟ್ಟು, ಸಂದು ಅಳೆಯುವ ತೆಳು ತಗಡು (ಫೀಲರ್ ಗೇಜ್) ತೂರಿಸಿ ನೋಡು. 0.1 ಮಿ.ಮೀ.ಗಿಂತ ಹೆಚ್ಚು ಸೊಟ್ಟಗಿದ್ದರೆ ಅದೇ ಗಾಜಿನ ಮೇಲೆ ಎಮೆರಿ ಪೇಪರಿನಲ್ಲಿ ಉಜ್ಜಿ ಸಮ ಮಾಡಿ ಹೊಸ ಗ್ಯಾಸ್ಕೆಟ್ ಹಾಕಿಸಬಹುದು. ಆದರೆ ಬ್ಲಾಕಿನಲ್ಲಿ ಗ್ಯಾಸ್ಕೆಟ್ ಕೂರುವ ಅಂಚನ್ನು ಸ್ಕ್ರೂಡ್ರೈವರಿನಿಂದ ಕೆರೆದರೆ ಬಿಳಿ ಪುಡಿ ಉದುರಿ ಗುಂಡಿ ಬೀಳುತ್ತದೆಯೇ? ಅಲ್ಲಿಗೆ ಆ ಎಂಜಿನ್ ಮುಗಿಯಿತು. ವೆಲ್ಡಿಂಗ್ ಮಾಡಿಕೊಡುತ್ತೇನೆ ಎನ್ನುವವರಿದ್ದಾರೆ. ಉಪ್ಪು ಹೊಕ್ಕ ಅಲ್ಯೂಮಿನಿಯಮ್ಮಿನಲ್ಲಿ ವೆಲ್ಡಿಂಗ್ ಗುಳ್ಳೆ ಕಟ್ಟುತ್ತದೆ, ಪಕ್ಕದಲ್ಲೇ ಮತ್ತೆ ಸೋರುತ್ತದೆ.

ಗೇರ್ ಬಾಕ್ಸಿನಲ್ಲಿ ನೀರು ಕಂಡ ಮಾತ್ರಕ್ಕೆ ಗಾಬರಿಯಾಗಬೇಡ. ರಾತ್ರಿ ನಿಲ್ಲಿಸಿಟ್ಟು ಬೆಳಿಗ್ಗೆ ಕೆಳಗಿನ ಸ್ಕ್ರೂ ಬಿಚ್ಚು. ಮೊದಲು ನೀರು ಬಂದರೆ, ಅಥವಾ ಆಯಿಲ್ ಹಾಲು ಬೆರೆಸಿದ ಚಹಾದಂತಿದ್ದರೆ, ಸೀಲ್ ಹೋಗಿದೆ. ಫ್ಯಾನ್ (ಪ್ರೊಪೆಲ್ಲರ್) ಬಿಚ್ಚಿ ನೋಡು, ಶಾಫ್ಟಿಗೆ ಬಲೆಯ ನೂಲು ಸುತ್ತಿ ಸೀಲನ್ನು ಕೊಯ್ದಿರುತ್ತದೆ. ಇದು ಸಣ್ಣ ಖರ್ಚು. ಹೊಸ ಆಯಿಲನ್ನು ಕೆಳಗಿನ ತೂತಿನಿಂದ ಹಾಕಿ ಮೇಲಿನ ತೂತಿನಲ್ಲಿ ಉಕ್ಕುವವರೆಗೆ ತುಂಬಿಸು. ಬೆರಳಿಗೆ ಬೂದು ಬಣ್ಣದ ನುಣುಪು ಹತ್ತಿದರೆ ಸಹಜ, ಚೂರು ಸಿಕ್ಕಿದರೆ ಗೇರ್ ಹಲ್ಲು ಹೋಗಿದೆ ಎಂದರ್ಥ.

ಎಂಜಿನ್ ಜೋರಾಗಿ ಕೂಗಿಯೂ ದೋಣಿ ಏಳದಿದ್ದರೆ ಫ್ಯಾನಿನ ಒಳಬುಷ್‌ನಿಂದ ಹೊರಗಿನ ತನಕ ಪೇಂಟಿನಲ್ಲಿ ಒಂದು ಗೆರೆ ಎಳೆ. ಓಡಿಸಿ ಬಂದಾಗ ಗೆರೆ ಎರಡಾಗಿದ್ದರೆ ರಬ್ಬರ್ ಬುಷ್ ಜಾರುತ್ತಿದೆ, ಎಂಜಿನ್ನಿನ ತಪ್ಪಿಲ್ಲ. ಎಂಜಿನ್ ಬಿಸಿಯಾಗುತ್ತಿದ್ದರೆ ಮೊದಲು ನೀರಿನ ಪಂಪಿನ ರಬ್ಬರ್ ಚಕ್ರ (ಇಂಪೆಲ್ಲರ್) ನೋಡು. ಕಾರ್ಬುರೇಟರ್, ಪಂಪಿನ ಡಯಾಫ್ರಮ್, ಗಟ್ಟಿಯಾದ ಪೈಪು, ಇವೆಲ್ಲ ಚಿಲ್ಲರೆ ಕೆಲಸ.

ಬಿಸಿಯಾದಾಗ ಮಾತ್ರ ಆರಿ, ತಣಿದ ಮೇಲೆ ತಾನೇ ಸ್ಟಾರ್ಟ್ ಆಗುವ ಕರೆಂಟ್ ದೋಷಕ್ಕೆ ಮಾತ್ರ ಸಲಿಗೆ ಕೊಡಬೇಡ. ಕಾಯಿಲ್, ಸಿಡಿಐ ಬದಲಿಸಿಯೂ ಹೋಗದಿದ್ದರೆ ಆ ಎಂಜಿನ್ ಹೊಳೆಗೆ ಸಾಕು. ಮಳೆಗಾಲದಲ್ಲಿ ಗಂಗೊಳ್ಳಿಯಂಥ ಅಳಿವೆ ಬಾಗಿಲಲ್ಲಿ ಅಲೆ ಮುರಿಯುವ ಜಾಗದಲ್ಲಿ ಆರಿತೆಂದರೆ ಹಗ್ಗ ಎಳೆಯಲು ಪುರುಸೊತ್ತಿರುವುದಿಲ್ಲ.

ಹೊಸದು ತರುವುದಾದರೆ 10 ಅಶ್ವಶಕ್ತಿ ದಾಟಬೇಡ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಅದಕ್ಕಿಂತ ದೊಡ್ಡ ಎಂಜಿನ್ನಿನ ನಾಡದೋಣಿಗೂ ಅನ್ವಯಿಸುತ್ತದೆ, ನಿನ್ನ ದುಡಿಮೆಯ ಕಾಲವೇ ಅದು. ಹಿಂಬದಿ ಹಲಗೆಯ ತುದಿಯಿಂದ ದೋಣಿಯ ತಳದವರೆಗೆ ಅಳೆ: 15 ಇಂಚಿನ ಆಸುಪಾಸಾದರೆ ಶಾರ್ಟ್ ಶಾಫ್ಟ್, 20 ಆದರೆ ಲಾಂಗ್. ಫೋರ್ ಸ್ಟ್ರೋಕ್ ಎಣ್ಣೆ ಉಳಿಸುತ್ತದೆ, ಆದರೆ ಭಾರ ಹೆಚ್ಚು. ಹಲಗೆಯನ್ನು ಸುತ್ತಿಗೆಯಿಂದ ತಟ್ಟಿ ನೋಡು, ಟೊಳ್ಳು ಸದ್ದಿದ್ದರೆ ಮೊದಲು ಅದನ್ನು ಸರಿಪಡಿಸು. ಟೂ ಸ್ಟ್ರೋಕ್ ಆದರೆ ಮೊದಲ ಹತ್ತು ಗಂಟೆ ಲೀಟರಿಗೆ 40 ಮಿ.ಲೀ. ಆಯಿಲ್, ನಂತರ ಪುಸ್ತಕದಲ್ಲಿರುವ ಪ್ರಮಾಣ. ಸೀಮೆಎಣ್ಣೆ ಬೇಕಾದಾಗ ಸಿಗುವುದಿಲ್ಲವೆಂದು ನಿನಗೇ ಗೊತ್ತು, ಹಾಗಾಗಿ ಪೆಟ್ರೋಲ್ ಎಂಜಿನ್ನಿಗೆ ಸಹಾಯಧನ ಉಂಟೇ ಎಂದು ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ ಬಾ. ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡಬೇಡ. ಬ್ಲಾಕ್ ಹೋದರೂ ಅದರ ಗೇರ್ ಬಾಕ್ಸಿಗೂ ಕಾರ್ಬುರೇಟರಿಗೂ ಗಿರಾಕಿ ಇದ್ದಾರೆ.

ಗೇಜಿನ ಎರಡು ಅಂಕಿ, ಪ್ಲಗ್‌ಗಳ ಫೋಟೋ, ಗೇರ್ ಆಯಿಲಿನ ಬಣ್ಣ, ಇಷ್ಟನ್ನು ವಾಟ್ಸಾಪಿನಲ್ಲಿ ಕಳಿಸು. ಅಲ್ಲಿಯವರೆಗೆ ಯಾರಿಗೂ ಅಡ್ವಾನ್ಸ್ ಕೊಡಬೇಡ.

ಇತಿ,
ನಿನ್ನ ಮಾವ