ಹಳೆಯ ‘ಸ್ಟಾರ್ ಟ್ರೆಕ್’ ಕಳಪೆಯಲ್ಲ, ಅದರ ಪರದೆ ಬೇರೆಯಿತ್ತು

ಮಾನ್ಯ ಸಂಪಾದಕರೇ,

ಅಮೆರಿಕದ ಬಾಹ್ಯಾಕಾಶ ಕಥೆಗಳ ಟಿವಿ ಸರಣಿ ‘ಸ್ಟಾರ್ ಟ್ರೆಕ್’ ಮಾತು ಬಂದಾಗಲೆಲ್ಲ ಒಂದು ತೀರ್ಪು ಸಲೀಸಾಗಿ ಕೇಳಿಬರುತ್ತದೆ: 1966ರ ಸರಣಿ ರಟ್ಟು, ಬಣ್ಣಗಳ ಆಟ, ಈಗಿನದು ನಿಜವಾದ ದೃಶ್ಯವೈಭವ. ಈ ಹೋಲಿಕೆಗೆ ಬುಡವೇ ಇಲ್ಲ. ದೃಶ್ಯವನ್ನು ಯಾವುದರಲ್ಲಿ ಹಿಡಿದರು, ಯಾವುದರ ಮೇಲೆ ಜೋಡಿಸಿದರು, ಜನ ಮನೆಯಲ್ಲಿ ಎಂಥ ಪೆಟ್ಟಿಗೆಯಲ್ಲಿ ನೋಡಿದರು ಎಂಬ ಮೂರು ಸಂಗತಿಗಳು ಬದಲಾದಂತೆಲ್ಲ ಅದರ ಹಡಗು, ಅಂಗಿ, ಬೆಳಕು ಬದಲಾಗಿವೆ.

ಕಥೆಯ ಬಾಹ್ಯಾಕಾಶ ಹಡಗು ಎಂಟರ್‌ಪ್ರೈಸ್‌ನ ಮೊದಲ ರೂಪ ಕೊಟ್ಟವರು ಮ್ಯಾಟ್ ಜೆಫ್ರೀಸ್. ಯಂತ್ರಗಳೆಲ್ಲ ಒಳಗಿದ್ದರೆ ರಿಪೇರಿಯೂ ಒಳಗಿನಿಂದಲೇ ಆಗುತ್ತದೆ ಎಂಬುದು ಅವರ ಲೆಕ್ಕ. ಹೊರಮೈ ಅಷ್ಟು ನುಣುಪಾಗಿರುವುದು ಅದಕ್ಕೇ. ಒಂದು ತಟ್ಟೆ, ಕೆಳಗೊಂದು ದಪ್ಪ ಕೊಳವೆ, ಹಿಂದಕ್ಕೆ ಚಾಚಿದ ಎರಡು ಎಂಜಿನ್: ಸಿಗ್ನಲ್ ಸರಿಯಿಲ್ಲದ ಪುಟ್ಟ ಟಿವಿಯಲ್ಲೂ ನೆರಳು ನೋಡಿಯೇ ಗುರುತು ಹಿಡಿಯಬಹುದು. ಚಿತ್ರೀಕರಣದ ಮಾದರಿ 11 ಅಡಿಗೂ ತುಸು ಹೆಚ್ಚು ಉದ್ದವಿತ್ತು, ಬಹುಪಾಲು ಮರದ್ದು. ಒಳಗಿನ ದೀಪಗಳ ವೈರು ಎಡಬದಿಯಿಂದ ಹೋಗುತ್ತಿದ್ದುದರಿಂದ ಆ ಬದಿಯ ಕೆಲಸವನ್ನು ಪೂರ್ತಿ ಮಾಡಿರಲೇ ಇಲ್ಲ. ಹಡಗು ಸಾಮಾನ್ಯವಾಗಿ ತನ್ನ ಬಲಗೆನ್ನೆಯನ್ನೇ ತೋರಿಸುತ್ತಿದ್ದುದರ ಗುಟ್ಟು ಇಷ್ಟೇ. ಈ ಮಾದರಿ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಾಯು-ಬಾಹ್ಯಾಕಾಶ ಮ್ಯೂಸಿಯಮ್ಮಿನಲ್ಲಿದೆ. 2016ರಲ್ಲಿ ಮುಗಿದ ಜೀರ್ಣೋದ್ಧಾರದಲ್ಲಿ ತಟ್ಟೆಯ ಮೇಲ್ಭಾಗದ ಮೂಲ ಬಣ್ಣವನ್ನು ಹಾಗೆಯೇ ಉಳಿಸಿಕೊಂಡದ್ದು ನಿಜವಾದ ವಿವೇಕದ ಕೆಲಸ.

ಇನ್ನು ಬಣ್ಣ. ಸರಣಿಯನ್ನು ಪ್ರಸಾರ ಮಾಡಿದ ಎನ್‌ಬಿಸಿಯ ಮಾತೃಸಂಸ್ಥೆ ಆರ್‌ಸಿಎ ಬಣ್ಣದ ಟಿವಿಗಳನ್ನು ಮಾರುತ್ತಿತ್ತು. ಕೆಂಪು, ನೀಲಿ, ಚಿನ್ನದ ಅಂಗಿಗಳು ಅಷ್ಟು ಎದ್ದು ಕಾಣುವುದರ ಹಿಂದೆ ಆ ವ್ಯಾಪಾರವೂ ಇದೆ. ಗೋಡೆಗಳಿಗೆ ಬೂದು ಬಳಿದು, ಛಾಯಾಗ್ರಾಹಕ ಜೆರ್ರಿ ಫಿನ್ನರ್‌ಮನ್ ದೀಪಗಳ ಮುಂದೆ ನೇರಳೆ, ಹಸಿರು, ಕಿತ್ತಳೆ ಜೆಲ್ ಹಾಳೆ ಇಟ್ಟರೆ ಒಂದೇ ಸೆಟ್ಟು ಹತ್ತು ಕೋಣೆಯಾಗುತ್ತಿತ್ತು. ಕ್ಯಾಪ್ಟನ್ನನ ‘ಚಿನ್ನದ’ ಅಂಗಿಯ ಬಟ್ಟೆ ನಿಜಕ್ಕೂ ಹಸಿರು ಛಾಯೆಯದು. ಸ್ಟುಡಿಯೋ ದೀಪ ಮತ್ತು ಫಿಲ್ಮ್ ಸೇರಿ ಅದನ್ನು ಚಿನ್ನವಾಗಿಸಿದವು. ಎಂಬತ್ತರ ದಶಕದಲ್ಲಿ ದೂರದರ್ಶನ ಈ ಸರಣಿಯನ್ನು ತೋರಿಸಿದಾಗ ನಮ್ಮಲ್ಲಿ ಬಹಳಷ್ಟು ಮನೆಗಳಲ್ಲಿ ಇದ್ದದ್ದು ಕಪ್ಪು-ಬಿಳುಪು ಟಿವಿ. ಅಲ್ಲಿ ಆ ಮೂರು ಬಣ್ಣಗಳೂ ಬೂದು ಬಣ್ಣದ ಮೂರು ಛಾಯೆ ಅಷ್ಟೇ.

ಹಡಗಿನ ಶಾಟ್‌ಗಳಲ್ಲಿ ಮಾತ್ರ ಕಾಳುಕಾಳು (ಫಿಲ್ಮಿನ ಸಣ್ಣ ಚುಕ್ಕಿಗಳು) ಜಾಸ್ತಿ ಏಕೆ ಎಂದು ಕೇಳುವವರಿದ್ದಾರೆ. ಹಿನ್ನೆಲೆಯನ್ನು ಆಮೇಲೆ ಕಳಚಲೆಂದು ನೀಲಿ ಪರದೆಯ ಮುಂದೆ ತೆಗೆದ ಹಡಗು, ಬೇರೆಯಾಗಿ ತೆಗೆದ ನಕ್ಷತ್ರ, ಗ್ರಹ, ಇವನ್ನೆಲ್ಲ ಫಿಲ್ಮಿನಿಂದ ಫಿಲ್ಮಿಗೆ ನಕಲಿಸುವ ಆಪ್ಟಿಕಲ್ ಪ್ರಿಂಟರ್‌ನಲ್ಲಿ ಮತ್ತೆ ಮತ್ತೆ ಮರುಚಿತ್ರಿಸಿ ಒಂದಾಗಿಸಬೇಕಿತ್ತು. ಪ್ರತಿ ನಕಲಿಗೂ ಫಿಲ್ಮಿನ ಕಾಳು ದಪ್ಪವಾಗುತ್ತದೆ, ಅಂಚಿನಲ್ಲಿ ಕಪ್ಪು ಗೆರೆ ಉಳಿಯುತ್ತದೆ. ಪಕ್ಕದ ಶಾಟ್‌ನ ನಟರ ಮುಖ ಮೂಲ ನೆಗೆಟಿವ್‌ನದು, ಆದ್ದರಿಂದ ಅದು ಸ್ವಚ್ಛ.

1979ರಲ್ಲಿ ಹಡಗು ಸಿನಿಮಾ ಪರದೆಗೆ ಹತ್ತಿದಾಗ ನುಣುಪು ಮೈ ಕೈಕೊಡುತ್ತಿತ್ತು. ದೊಡ್ಡ ಪರದೆಯಲ್ಲಿ ಕಣ್ಣು ಗಾತ್ರ ಅಳೆಯಲು ಸಣ್ಣ ವಿವರ ಹುಡುಕುತ್ತದೆ. ಅದು ಸಿಗದಿದ್ದರೆ ಎಷ್ಟು ದೊಡ್ಡ ಹಡಗೂ ಆಟಿಕೆ. ಹಾಗಾಗಿ ಸುಮಾರು 8 ಅಡಿಯ ಹೊಸ ಮಾದರಿಗೆ ಫಲಕ ಫಲಕವಾಗಿ ಮುತ್ತಿನ ಹೊಳಪಿನ ಬಣ್ಣ ಕೊಟ್ಟರು. ವಿಶೇಷ ಎಫೆಕ್ಟ್‌ಗಳ ಡಗ್ಲಸ್ ಟ್ರಂಬುಲ್ ತಂಡ ಪುಟ್ಟ ದೀಪಗಳಿಂದ ಹಡಗು ತನ್ನ ಮೈಯನ್ನು ತಾನೇ ಬೆಳಗಿಕೊಳ್ಳುವಂತೆ ಮಾಡಿ, ಕಾಳು ಕಾಣದಿರಲೆಂದು 65 ಎಂಎಂ ಫಿಲ್ಮಿನಲ್ಲಿ ಚಿತ್ರಿಸಿತು. 1982ರ ಚಿತ್ರಕ್ಕೆ ಅದೇ ಮಾದರಿ ಎಫೆಕ್ಟ್ ಸಂಸ್ಥೆ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಕೈಗೆ ಬಂದಾಗ ಆ ಹೊಳಪೇ ಶತ್ರುವಾಯಿತು. ನೀಲಿ ಪರದೆಯ ಬಣ್ಣ ಹೊಳೆಯುವ ಮೈಯಲ್ಲಿ ಪ್ರತಿಫಲಿಸಿದ ಜಾಗವೆಲ್ಲ ಜೋಡಣೆಯಲ್ಲಿ ತೂತು. ಹೊಳಪು ಸಾಯಿಸುವ ಸ್ಪ್ರೇ ಹೊಡೆದು ಕೆಲಸ ಮುಗಿಸಿದರು. ಮೂರೇ ವರ್ಷದಲ್ಲಿ ಮುತ್ತು ಹೋಗಿ ಮಂಕು ಬಂದದ್ದು ಅಭಿರುಚಿಯ ಪಲ್ಲಟವೆಂದು ಬರೆಯುವವರಿದ್ದಾರೆ. ಅದು ಬರೀ ಕೆಲಸದ ಅಗತ್ಯ.

1987ರ ಹೊಸ ಸರಣಿ ‘ನೆಕ್ಸ್ಟ್ ಜನರೇಷನ್’ ಹೆಚ್ಚು ಗಮನಕ್ಕೆ ಅರ್ಹ. ಅದರ ಕಂಪ್ಯೂಟರ್ ಫಲಕಗಳು, ಅಂದರೆ ಕಪ್ಪು ಹಿನ್ನೆಲೆಯ ಮೇಲಿನ ಕಿತ್ತಳೆ, ನೇರಳೆ ಪಟ್ಟಿಗಳು, ಮೈಕಲ್ ಒಕುಡಾ ಅವರ ಕೊಡುಗೆ. ಸೆಕೆಂಡಿಗೆ 24 ಫ್ರೇಮ್ ಓಡುವ ಫಿಲ್ಮ್ ಕ್ಯಾಮೆರಾದ ಮುಂದೆ ಸಾಮಾನ್ಯ ಟಿವಿ ಇಟ್ಟರೆ ಅದರ ಚಿತ್ರ ಮಿನುಗುತ್ತದೆ, ಉರುಳುತ್ತದೆ. 24 ಫ್ರೇಮಿಗೆ ಹೊಂದಿಸಿದ ವಿಡಿಯೋ ದುಬಾರಿ. ಹಿಂದಿನಿಂದ ಬೆಳಕು ಬಿಟ್ಟ ಬಣ್ಣದ ಪಾರದರ್ಶಕ ಹಾಳೆಯಾದರೆ ಮಿನುಗುವುದಿಲ್ಲ, ಅಗ್ಗ, ಗೋಡೆ ತುಂಬ ಅಂಟಿಸಬಹುದು. ಆ ಮಿತವ್ಯಯದಿಂದ ಹುಟ್ಟಿದ ಫಲಕಗಳು ಇವತ್ತಿಗೂ ಭವಿಷ್ಯದ ಕಂಪ್ಯೂಟರಿನಂತೆ ಕಾಣುತ್ತವೆ. ಈ ಸರಣಿಯ ಎಲ್ಲ ರೂಪಗಳಲ್ಲಿ ನಾನು ಅತಿ ಹೆಚ್ಚು ಮೆಚ್ಚುವುದು ಇದನ್ನೇ.

ಆದರೆ ಅದೇ ಕಾಲದಲ್ಲಿ ಒಂದು ದೊಡ್ಡ ನಷ್ಟವೂ ಆಯಿತು. ಚಿತ್ರೀಕರಣ 35 ಎಂಎಂ ಫಿಲ್ಮಿನಲ್ಲಿ, ಸಂಕಲನ ಮತ್ತು ಎಫೆಕ್ಟ್‌ಗಳ ಜೋಡಣೆ ವಿಡಿಯೋ ಟೇಪಿನಲ್ಲಿ. ಅಮೆರಿಕದ ವಿಡಿಯೋದಲ್ಲಿ 525 ಗೆರೆ. ಚಿತ್ರಕ್ಕೆ ಒದಗುವುದು ಸುಮಾರು 480. ಫಿಲ್ಮಿನಲ್ಲಿದ್ದ ಉಳಿದ ವಿವರವೆಲ್ಲ ಡಬ್ಬಿಯೊಳಗೇ ಉಳಿಯಿತು, ಸಂಕಲಿತ ನೆಗೆಟಿವ್ ಎಂಬುದು ತಯಾರಾಗಲೇ ಇಲ್ಲ. 2012ರಿಂದ 2014ರವರೆಗೆ ಬ್ಲೂ-ರೇಗಾಗಿ ಏಳೂ ಸೀಸನ್‌ಗಳ ಕಚ್ಚಾ ನೆಗೆಟಿವ್ ಹುಡುಕಿ, ಸ್ಕ್ಯಾನ್ ಮಾಡಿ, ಹಳೆಯ ಟೇಪ್ ಮುಂದಿಟ್ಟುಕೊಂಡು ಶಾಟ್ ಶಾಟ್ ಹೊಂದಿಸಿ ಮರುಸಂಕಲನ ಮಾಡಿದರು. ಹಡಗಿನ ಒಂದು ಶಾಟ್ ಎಂದರೆ ಮೈಗೆ ಕ್ಯಾಮೆರಾದ ಒಂದು ಸುತ್ತು, ಕಿಟಕಿ ದೀಪಕ್ಕೆ ಒಂದು, ಎಂಜಿನ್ ಹೊಳಪಿಗೆ ಒಂದು, ಅಂಚು ಕತ್ತರಿಸುವ ಮ್ಯಾಟ್‌ಗೆ ಇನ್ನೊಂದು. ಅಷ್ಟೂ ಪದರಗಳನ್ನು ಮತ್ತೆ ಜೋಡಿಸಿದಾಗ ಮಾದರಿ ತಯಾರಿಸಿದವರ ಕೈಚಳಕ ಮೊದಲ ಬಾರಿಗೆ ಕಣ್ಣಿಗೆ ಬಿತ್ತು.

ಆಮೇಲೆ ಬಂದ ಸರಣಿಗಳಾದ ‘ಡೀಪ್ ಸ್ಪೇಸ್ ನೈನ್’ ಮತ್ತು ‘ವಾಯೇಜರ್’ಗೆ ಆ ಭಾಗ್ಯ ಸಿಕ್ಕಿಲ್ಲ. ಎರಡೂ ಸೇರಿ ಸುಮಾರು 350 ಕಂತು. ಇವುಗಳ ಕೊನೆಕೊನೆಯ ಸೀಸನ್‌ಗಳಲ್ಲಿ ಮಾದರಿಗಳ ಬದಲು ಕಂಪ್ಯೂಟರ್ ಹಡಗುಗಳು ಬಂದಿದ್ದವು, ಅವನ್ನು ಕಂಪ್ಯೂಟರಿನಿಂದ ಚಿತ್ರವಾಗಿ ತೆಗೆದದ್ದೇ (ರೆಂಡರ್) ವಿಡಿಯೋದ ಅಳತೆಗೆ. ಮಾದರಿಯಾಗಿದ್ದರೆ ನೆಗೆಟಿವ್ ಸಿಗುತ್ತಿತ್ತು; ಇಲ್ಲಿ ಹಳೆಯ ಸಾಫ್ಟ್‌ವೇರಿನ ದೃಶ್ಯ ಕಡತ, ಮೇಲ್ಮೈ ಚಿತ್ರಗಳು ಸಿಗದಿದ್ದರೆ ಹಡಗನ್ನೇ ಹೊಸದಾಗಿ ಕಟ್ಟಬೇಕು. ಕೃತಕ ಬುದ್ಧಿಮತ್ತೆಯಿಂದ ಡಿವಿಡಿ ಚಿತ್ರವನ್ನು ಹಿಗ್ಗಿಸುವುದು ಇದಕ್ಕೆ ಬದಲಿಯಲ್ಲ. ಇಲ್ಲದ ವಿವರವನ್ನು ಅದು ಊಹಿಸುತ್ತದೆ, ಮುಖಗಳು ಮೇಣದ ಗೊಂಬೆಯಾಗುತ್ತವೆ. ನಟರ ಶಾಟ್ 24 ಫ್ರೇಮಿನದು, ಹಲವು ಎಫೆಕ್ಟ್ ಶಾಟ್ ವಿಡಿಯೋ ವೇಗದ್ದು. ಎರಡಕ್ಕೂ ಒಂದೇ ಲೆಕ್ಕ ಹಾಕಿದರೆ ಒಂದು ಕಡೆ ಜರ್ಕ್, ಇನ್ನೊಂದು ಕಡೆ ಬಾಚಣಿಗೆ ಹಲ್ಲಿನಂಥ ಗೆರೆ. ನೆಗೆಟಿವ್‌ಗೆ ಮರಳುವುದೊಂದೇ ದಾರಿ, ಅದಕ್ಕೆ ಹಣ ಹಾಕಲೇಬೇಕು.

2009ರ ಚಿತ್ರದ ಬೆಳಕಿನ ಗೀರುಗಳ ಬಗ್ಗೆ ಸಾಕಷ್ಟು ಮಾತಾಗಿದೆ. ಚಿತ್ರವನ್ನು ಅಡ್ಡಕ್ಕೆ ಕುಗ್ಗಿಸಿ ಹಿಡಿಯುವ ಅನಾಮಾರ್ಫಿಕ್ ಲೆನ್ಸಿಗೆ ಚೌಕಟ್ಟಿನಾಚೆಯಿಂದ ಟಾರ್ಚ್ ಹಿಡಿದದ್ದರ ಫಲ ಅದು. ಎಂಜಿನ್ ಕೋಣೆಗೆ ಬಿಯರ್ ಕಾರ್ಖಾನೆಯ ಕೊಳವೆ, ತೊಟ್ಟಿಗಳನ್ನು ಬಳಸಿದ್ದು ಮಾತ್ರ ನನಗೆ ಒಗ್ಗಲಿಲ್ಲ. ಜೆಫ್ರೀಸ್ ಅವರ ಅಚ್ಚುಕಟ್ಟು ಹಡಗಿನ ಹೊಟ್ಟೆಯಲ್ಲಿ ಅದು ಹೊಂದುವುದಿಲ್ಲ.

ಇತ್ತೀಚಿನ ಸರಣಿಗಳಾದ ‘ಡಿಸ್ಕವರಿ’ಯ ನಾಲ್ಕನೇ ಸೀಸನ್, ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಇವುಗಳಿಗೆ ಟೊರಾಂಟೊದಲ್ಲಿ ಹಿನ್ನೆಲೆಯ ದೃಶ್ಯವನ್ನು ತೋರಿಸುವ ಕುದುರೆ ಲಾಳದಾಕಾರದ ಎಲ್‌ಇಡಿ ಗೋಡೆ ಬಂತು. ಅನ್ಯಗ್ರಹದ ಆಕಾಶದ ಬೆಳಕು ನಟರ ಕೆನ್ನೆಯ ಮೇಲೇ ಬೀಳುವುದು ಇದರ ದೊಡ್ಡ ಲಾಭ, ಹಸಿರು ಪರದೆಯಲ್ಲಿ ಅದು ಸಾಧ್ಯವಿಲ್ಲ. ತೊಡಕೂ ಇದೆ. ಗೋಡೆಯ ಮೇಲೆ ಫೋಕಸ್ ಕೂತರೆ ಅದರ ಚುಕ್ಕಿಗಳೂ ಕ್ಯಾಮೆರಾ ಸೆನ್ಸರಿನ ಚುಕ್ಕಿಗಳೂ ಡಿಕ್ಕಿ ಹೊಡೆದು ಅಲೆಅಲೆ ವಿನ್ಯಾಸ ಮೂಡುತ್ತದೆ. ಅದನ್ನು ತಪ್ಪಿಸಲು ನಟರನ್ನು ಗೋಡೆಯಿಂದ ದೂರ ನಿಲ್ಲಿಸಿ ಹಿನ್ನೆಲೆಯನ್ನು ಮಸುಕಾಗಿಸುತ್ತಾರೆ. ಎಲ್‌ಇಡಿ ಬೆಳಕಿನಲ್ಲಿ ಕೆಲವು ತರಂಗಾಂತರ ಕಡಿಮೆ ಇರುವುದರಿಂದ ಚರ್ಮದ ಬಣ್ಣ ಕೆಡುತ್ತದೆ, ಬೇರೆ ದೀಪ ಸೇರಿಸಲೇಬೇಕು. ನೆಲ ಗೋಡೆಯನ್ನು ಕೂಡುವ ಗೆರೆ ಮುಚ್ಚಲು ಕಲ್ಲು, ಗಿಡ ಇಡಬೇಕು. ದಿಗಂತ ದೂರವಿದ್ದರೂ ಪಾತ್ರಗಳೆಲ್ಲ ನಡುವೆ ಗುಂಪುಗೂಡಿ ನಿಂತಂತೆ ಕಾಣುವುದಕ್ಕೆ ಇದೂ ಒಂದು ಕಾರಣ. ಹಾಗಿದ್ದೂ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಚಿನ್ನ, ನೀಲಿ, ಕೆಂಪು ಅಂಗಿಗಳನ್ನೂ ತಟ್ಟೆ-ಕೊಳವೆಯ ನೆರಳನ್ನೂ ಮರಳಿ ತಂದದ್ದು ಮನಸ್ಸಿಗೆ ಹಿತವೆನಿಸಿತು.

ಕೊನೆಯದಾಗಿ, ಹಳೆಯ ಸರಣಿಗಳನ್ನು ಈಗಿನ ಟಿವಿಯಲ್ಲಿ ನೋಡುವವರಿಗೆ. ಅವು 4:3 ಅಳತೆಯವು. 16:9 ಪರದೆಗೆ ಎಳೆದು ಹಿಗ್ಗಿಸಿದರೆ ಹಡಗಿನ ದುಂಡು ತಟ್ಟೆ ಮೂರರಲ್ಲೊಂದು ಪಾಲು ಹೆಚ್ಚು ಅಗಲವಾಗುತ್ತದೆ. ಜೂಮ್ ಒತ್ತಿದರೆ ಚಿತ್ರದ ಎತ್ತರದಲ್ಲಿ ಕಾಲು ಭಾಗ ಕತ್ತರಿಸಿ ಹೋಗುತ್ತದೆ. ಎರಡೂ ಬದಿ ಕಪ್ಪು ಪಟ್ಟಿ ಇರಲಿ. ಚಲನೆಯನ್ನು ಕೃತಕವಾಗಿ ನುಣುಪಾಗಿಸುವ ಮೋಷನ್ ಸ್ಮೂತಿಂಗ್ ಆಫ್ ಮಾಡಿ, ಶಾರ್ಪ್‌ನೆಸ್ ಪೂರ್ತಿ ಇಳಿಸಿ. ಅದನ್ನು ಏರಿಸಿದಷ್ಟೂ ಫಿಲ್ಮಿನ ಕಾಳು, ಅಂಚಿನ ಕಪ್ಪು ಗೆರೆ ಎದ್ದು ಕಾಣುತ್ತವೆ, ದೋಷ ಜೆಫ್ರೀಸ್ ಅವರ ಹಡಗಿನ ಮೇಲೆ ಬೀಳುತ್ತದೆ.

ಇತಿ,
ನಿಮ್ಮ ಓದುಗ, ಮೈಸೂರು