ಕೋಮಾದಲ್ಲಿದ್ದವನ ಮಾತಿಗೆ ಕಿವಿಗೊಟ್ಟವರಿಗೆ

ನನ್ನ ಮೊದಲ ಪತ್ತೇದಾರಿ ಕಾದಂಬರಿಯ ಪ್ರತಿಗಳೆಲ್ಲ ಮುಗಿದು, ಈ ವಾರ ಎರಡನೇ ಮುದ್ರಣ ಅಂಗಡಿಗೆ ಬಂದಿದೆ. ಧನ್ಯವಾದಕ್ಕೆಂದು ಪ್ರಕಾಶಕರು ಕೊಟ್ಟಿದ್ದು ಅರ್ಧ ಪುಟ. ಅಲ್ಲಿ ಜಾಗ ಸಿಗದವರಿಗೆ ಇಲ್ಲಿ ಹೇಳುತ್ತೇನೆ.

ಓದದವರಿಗೆ ಕತೆ ಇಷ್ಟು: ಮೂಡಿಗೆರೆ ಕಡೆಯ ಕಾಫಿ ತೋಟವೊಂದರ ರೈಟರ್, ಅಂದರೆ ಲೆಕ್ಕಪತ್ರ ನೋಡಿಕೊಳ್ಳುವವ, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಇರುವ ಮನೆಯ ಮೆಟ್ಟಿಲಿಂದ ಬಿದ್ದು ಆಸ್ಪತ್ರೆ ಸೇರಿದ್ದಾನೆ. ಎಲ್ಲರೂ ಕೋಮಾ ಅಂದುಕೊಂಡಿದ್ದಾರೆ. ಅವನಿಗೋ ಎಲ್ಲ ಕೇಳಿಸುತ್ತಿದೆ. ನೋಡಲು ಬರುವವರಲ್ಲೇ ಒಬ್ಬರು ಅವನನ್ನು ತಳ್ಳಿದವರು. ಕತೆ ಹೇಳುವವನೂ ಅವನೇ, ಪತ್ತೇದಾರನೂ ಅವನೇ.

ಮೊದಲ ನಮಸ್ಕಾರ ಚಿಕ್ಕಮಗಳೂರಿನ ಒಬ್ಬ ಡಾಕ್ಟರಿಗೆ. "ಕೋಮಾದಲ್ಲಿ ಅರಿವೇ ಇರಲ್ಲ, ಕತೆ ಹೇಳೋದು ಎಲ್ಲಿಂದ ಬಂತು ಮಾರಾಯ್ರೆ?" ಎಂದು ನಕ್ಕವರು, ಆಮೇಲೆ ದಾರಿಯನ್ನೂ ತೋರಿಸಿದರು. ಮಿದುಳಿನ ಬುಡದಲ್ಲಿರುವ ಪಾನ್ಸ್ ಎಂಬ ಭಾಗಕ್ಕೆ ಏಟಾದರೆ ಕೈಕಾಲು, ನಾಲಿಗೆ ಎಲ್ಲ ನಿಂತುಹೋಗಿ ಅರಿವು ಮಾತ್ರ ಪೂರ್ತಿ ಉಳಿಯಬಹುದು. ರೆಪ್ಪೆ ಮಿಟುಕಿಸುವುದು, ಕಣ್ಣನ್ನು ಮೇಲೆ ಕೆಳಗೆ ಆಡಿಸುವುದು ಸಾಮಾನ್ಯವಾಗಿ ಆಗುತ್ತದೆ. 1966ರಲ್ಲಿ ಪ್ಲಮ್ ಮತ್ತು ಪೋಸ್ನರ್ ಎಂಬ ವೈದ್ಯರು ಇದಕ್ಕೆ ಲಾಕ್ಡ್-ಇನ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಕಣ್ಣನ್ನು ಯಾರೂ ಗಮನಿಸದಿದ್ದರೆ ಕೋಮಾ ಅಂತಲೇ ಅಂದುಕೊಳ್ಳಬಹುದು. ನನಗೆ ಬೇಕಿದ್ದ ಸಸ್ಪೆನ್ಸ್ ಅಲ್ಲೇ ಇತ್ತು.

ಹಾಸನದ ಐಸಿಯು ಸಿಸ್ಟರ್ ಒಬ್ಬರಿಗೆ ಎಷ್ಟು ಹೇಳಿದರೂ ಕಡಿಮೆ. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಗಂಟಲ ಕಫ ಎಳೆಯುವುದು, ಮೂಗಿನ ನಳಿಕೆಯಲ್ಲಿ ಊಟ ಕೊಡುವುದು, ಎಲ್ಲ ಅವರೇ ವಿವರಿಸಿದ್ದು. ಪ್ರತಿ ಸಲ ಮುಟ್ಟುವ ಮೊದಲು "ಅಣ್ಣಾ, ಈಗ ಎಡಕ್ಕೆ ತಿರುಗಿಸ್ತೀನಿ" ಅನ್ನುತ್ತಾರಂತೆ. ಉತ್ತರವೇ ಕೊಡದವರಿಗೂ ಹೇಳ್ತೀರಾ ಅಂದೆ. "ಕೇಳಿಸ್ತಾ ಇದ್ರೆ?" ಅಂದರು. ನನ್ನ ರೈಟರನ ಕಣ್ಣು ಅಲುಗಿದ್ದನ್ನು ಕಂಡುಹಿಡಿಯುವುದು ಸಿಸ್ಟರೇ ಆಗಬೇಕು ಎಂದು ಅವತ್ತೇ ನಿರ್ಧಾರವಾಯಿತು.

ಇನ್ನು ಅಕ್ಷರದ ಕೆಲಸ. ಕಣ್ಣಿನಲ್ಲೇ ಮಾತಾಡುವವರ ಎದುರು ಯಾರಾದರೂ ಅಕ್ಷರ ಓದುತ್ತಾ ಹೋಗಬೇಕು. ಬೇಕಾದ್ದು ಬಂದಾಗ ಅವರು ರೆಪ್ಪೆ ಮಿಟುಕಿಸುತ್ತಾರೆ. ಇಂಗ್ಲಿಷಿನಲ್ಲಾದರೆ 26 ಅಕ್ಷರ. ನಮ್ಮ ಕಾಗುಣಿತ, ಒತ್ತು ಎಲ್ಲ ಹಿಡಿದು ಹೊರಟರೆ ರೋಗಿ ಸುಸ್ತಾಗಿ ನಿದ್ದೆಹೋಗುತ್ತಾನೆ, ಅಲ್ವಾ? ಪ್ರೈಮರಿ ಶಾಲೆಯ ಟೀಚರ್ ಆಗಿರುವ ಗೆಳತಿ ಗೋಡೆಯ ಚಾರ್ಟ್ ತೋರಿಸಿ, ಮೊದಲು ಸಾಲು ಕೇಳು, ಆಮೇಲೆ ಆ ಸಾಲಿನ ಅಕ್ಷರ ಕೇಳು ಎಂದಳು. ಕ ಸಾಲೇ? ಚ ಸಾಲೇ? ಗುಣಿತ ಬಿಟ್ಟು ಬರೀ ವ್ಯಂಜನ ಸಾಕು ಎಂದಳು. ಕೊನೆಯ ಅಧ್ಯಾಯಗಳು ಸಿಕ್ಕಿದ್ದು ಆಗಲೇ. ರೈಟರ್ ಪ್ರಯಾಸಪಟ್ಟು ಗ, ರ ಎಂದು ಎರಡೇ ಅಕ್ಷರ ಹೇಳುತ್ತಾನೆ. ಗಿರಿಯೋ, ಗೌರಿಯೋ? ಇಬ್ಬರೂ ಮಂಚದ ಪಕ್ಕದಲ್ಲೇ ನಿಂತಿದ್ದಾರೆ.

ಡಿಸೆಂಬರ್‌ನಲ್ಲಿ ಪಲ್ಪರ್ ಓಡುವಾಗ ಹಿಂದೆ ಬಂದವರ ಹೆಜ್ಜೆ ಸದ್ದು ಕೇಳುವುದು ಹೇಗೆ ಎಂದು ಹಸ್ತಪ್ರತಿಯಲ್ಲೇ ಗೀಟು ಹಾಕಿದ ಬೆಳೆಗಾರ ಮಿತ್ರರಿಗೂ ಥ್ಯಾಂಕ್ಸ್. ಆ ಯಂತ್ರದ ಸದ್ದಿನ ಮರೆಯಲ್ಲೇ ತಳ್ಳಿದವರನ್ನು ಅಡಗಿಸಿದೆ. ಪುಸ್ತಕ ಕೊಂಡು, ಓದಿ, ಪಕ್ಕದ ಮನೆಗೂ ದಾಟಿಸಿದ ಓದುಗರೇ, ನಿಮ್ಮಿಂದಲೇ ಈ ಮರುಮುದ್ರಣ. ದಾಟಿಸುವ ಬದಲು ಕೊಡಿಸಿದರೆ ಪ್ರಕಾಶಕರಿಗೆ ಇನ್ನೂ ಖುಷಿ.

ನಮ್ಮ ಅತ್ತೆ ಅರ್ಧ ಓದುವಷ್ಟರಲ್ಲೇ ತಳ್ಳಿದವರು ಯಾರೆಂದು ಹೇಳಿಬಿಟ್ಟಿದ್ದರು. ಅವರ ಕಾಟಕ್ಕೇ ಒಂದು ಸುಳಿವನ್ನು ತೆಗೆದುಹಾಕಿದೆ. ಅವರಿಗೆ ದೊಡ್ಡ ನಮಸ್ಕಾರ. ಇನ್ನೂ ಓದಿ ಮುಗಿಸದವರು ಮಾತ್ರ ಸದ್ಯಕ್ಕೆ ನಮ್ಮ ಮನೆಗೆ ಬಂದು ಅವರನ್ನು ಮಾತಾಡಿಸಬೇಡಿ.