ವಾದ್ಯ ಸುಮ್ಮನಾಗುವ ಜಾಗ

ಪ್ರೀತಿಯ ತಮ್ಮ,

ನೀನು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಹೊಸ ತಮಿಳು ಸಿನಿಮಾ ಹಾಡುಗಳ ಬಗ್ಗೆ ಕನ್ನಡದಲ್ಲಿ ಇಷ್ಟು ಪ್ರೀತಿಯಿಂದ ಬರೆಯುವವರು ಕಮ್ಮಿ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡ.

ಲೇಖನದಲ್ಲಿ ‘ಅದ್ಭುತ’ ಒಂಬತ್ತು ಸಲ ಬಂದಿದೆ, ‘ಮನಸೂರೆಗೊಳ್ಳುವ’ ನಾಲ್ಕು ಸಲ. ನಿನಗೆ ಈ ಹಾಡುಗಳು ತುಂಬಾ ಇಷ್ಟ ಅನ್ನೋದು ಗೊತ್ತಾಯಿತು. ಆದರೆ ಹಾಡಿನ ಯಾವ ಜಾಗದಲ್ಲಿ ನಿನ್ನ ಮೈ ಜುಮ್ಮೆಂದಿತು ಅನ್ನೋದು ಎಲ್ಲೂ ಇಲ್ಲ. ಆ ಜಾಗವನ್ನು ಸರಿಯಾಗಿ ತೋರಿಸಿಬಿಟ್ಟರೆ ‘ಅದ್ಭುತ’ ಅಂತ ನೀನು ಬರೆಯಬೇಕಾಗಿಯೇ ಇಲ್ಲ. ಓದಿದವರೇ ಹಾಡು ಹಾಕಿಕೊಂಡು ಕೇಳಿ, ಹೌದಲ್ವಾ ಅನ್ನುತ್ತಾರೆ.

ನಾನು ಬೆಳೆದದ್ದು ಕೆಜಿಎಫ್‌ನಲ್ಲಿ. ಮನೆಯಲ್ಲಿ ಕನ್ನಡ, ಬೀದಿಗೆ ಇಳಿದರೆ ತಮಿಳು. ಟೀ ಅಂಗಡಿಯ ಟೇಪ್ ರೆಕಾರ್ಡರ್‌ನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಇಳಯರಾಜ. ಆಗ ನನಗೆ ಹಾಡು ಅಂದರೆ ಟ್ಯೂನು ಮತ್ತು ದನಿ, ಅಷ್ಟೇ. ಮುಂದೆ ಒಂದು ವಾರಪತ್ರಿಕೆಗೆ ಹಾಡುಗಳ ಬಗ್ಗೆ ಬರೆಯಲು ಶುರು ಮಾಡಿದೆ. ಒಂದು ಹಾಡನ್ನು ಚಿಕ್ಕ ರೇಡಿಯೊದಲ್ಲಿ ಎರಡು ಸಲ ಕೇಳಿ ಪುಟ ತುಂಬ ಬರೆದಿದ್ದೆ. ಮುಂದಿನ ವಾರ ಒಂದು ಕಾರ್ಡು ಬಂತು. ಬರೆದವರು ಆರ್ಕೆಸ್ಟ್ರಾ ಒಂದರಲ್ಲಿ ಬೇಸ್ ಗಿಟಾರ್, ಅಂದರೆ ಕೆಳಗಿನ ಸ್ವರಗಳ ಗಿಟಾರ್, ನುಡಿಸುವವರು. ‘ಆ ಹಾಡಿನಲ್ಲಿ ಗಾಯಕಿಯ ದನಿಯ ಕೆಳಗೆ ಇನ್ನೊಂದು ಹಾಡೇ ನಡೆಯುತ್ತಿದೆ, ಬೇಸ್‌ನದು. ಅದು ನಿಮಗೆ ಕೇಳಿಸಲೇ ಇಲ್ಲವಾ ಮೇಡಂ?’ ಅಂತ ಕೇಳಿದ್ದರು. ಪಕ್ಕದ ಮನೆಯಿಂದ ಹೆಡ್‌ಫೋನ್ ತಂದು ಕೇಳಿದೆ. ಹೌದು, ಇತ್ತು. ಅಷ್ಟು ವರ್ಷ ನಾನು ಅರ್ಧ ಹಾಡು ಮಾತ್ರ ಕೇಳಿದ್ದೆ ಅಂತ ಅವತ್ತು ಗೊತ್ತಾಯಿತು.

ಆದ್ದರಿಂದ ಮೊದಲನೇ ಮಾತು. ಮೊಬೈಲಿನ ಸ್ಪೀಕರ್‌ನಲ್ಲಿ ಕೇಳಿ ವಾದ್ಯ ಸಂಯೋಜನೆಯ ಬಗ್ಗೆ ಬರೆಯಬೇಡ. ಅಷ್ಟು ಪುಟ್ಟ ಸ್ಪೀಕರ್‌ಗೆ ಕೆಳಗಿನ ಸ್ವರಗಳನ್ನು ಹೊರಡಿಸುವ ಶಕ್ತಿ ಇರುವುದಿಲ್ಲ. ದುಬಾರಿಯದು ಬೇಡ, ಒಂದು ಸಾಧಾರಣ ಇಯರ್‌ಫೋನ್ ಸಾಕು.

ಇನ್ನು ನಿನ್ನ ಲೇಖನದ ವಾದ್ಯಗಳ ವಿಷಯ. ‘ಗಿಟಾರ್, ಕೊಳಲು, ಪಿಟೀಲು ಎಲ್ಲವೂ ಸೊಗಸಾಗಿವೆ’ ಅಂತ ಬರೆದಿದ್ದೀಯ. ಇದು ಪಟ್ಟಿ ಆಯಿತು. ಮದುವೆ ಮನೆಯಲ್ಲಿ ಬಾಳೆಲೆ ಹಾಕುವುದನ್ನು ನೋಡಿದ್ದೀಯಲ್ಲ. ಉಪ್ಪು, ಕೋಸಂಬರಿ, ಪಲ್ಯ, ಗೊಜ್ಜು, ಪ್ರತಿಯೊಂದಕ್ಕೂ ಅದರದೇ ಜಾಗ. ಒಂದರ ಮೇಲೊಂದು ಬೀಳುವುದಿಲ್ಲ. ನಡುವೆ ಅನ್ನಕ್ಕೆ ಅಂತ ಜಾಗ ಖಾಲಿ ಬಿಟ್ಟಿರುತ್ತಾರೆ. ಒಳ್ಳೆಯ ಸಂಗೀತ ನಿರ್ದೇಶಕ ದನಿಗೆ ಹಾಗೆ ಜಾಗ ಬಿಡುತ್ತಾನೆ. ಯಾವ ವಾದ್ಯ ಬಂತು ಅನ್ನುವುದು ಎಲ್ಲರಿಗೂ ಕೇಳುತ್ತದೆ. ಯಾವ ವಾದ್ಯ ಎಲ್ಲಿ ಸುಮ್ಮನಾಯಿತು, ಯಾರಿಗೋಸ್ಕರ ಸುಮ್ಮನಾಯಿತು, ಅದನ್ನು ಹುಡುಕು.

2018ರ ‘96’ ಸಿನಿಮಾ ತಗೋ. ಗೋವಿಂದ್ ವಸಂತ ಅದರ ಸಂಗೀತ ನಿರ್ದೇಶಕ, ಸ್ವತಃ ಪಿಟೀಲು ನುಡಿಸುವವರು. ‘ದಿ ಲೈಫ್ ಆಫ್ ರಾಮ್’ ಹಾಡಿನಲ್ಲಿ ಪ್ರದೀಪ್ ಕುಮಾರ್ ಶುರುವಿಗೆ ತಮ್ಮಷ್ಟಕ್ಕೆ ಗುನುಗುವ ಹಾಗೆ ಹಾಡುತ್ತಾರೆ. ಒಬ್ಬನೇ ಊರೂರು ಸುತ್ತುವ ಮನುಷ್ಯನ ಹಾಡು ಅದು. ವಾದ್ಯಗಳು ಅವಸರ ಮಾಡದೆ ಒಂದೊಂದಾಗಿ ಬಂದು ಸೇರಿಕೊಳ್ಳುತ್ತವೆ. ಹಾಡು ದೊಡ್ಡದಾಗುತ್ತಾ ಹೋಗುತ್ತದೆ, ಆದರೆ ಆ ಮನುಷ್ಯ ಒಂಟಿಯಾಗಿಯೇ ಇರುತ್ತಾನೆ. ಇಷ್ಟು ವಾದ್ಯಗಳ ನಡುವೆಯೂ ಆ ಒಂಟಿತನ ಹೇಗೆ ಉಳಿಯಿತು? ಇಂಥ ಪ್ರಶ್ನೆ ಇಟ್ಟುಕೊಂಡು ಕೇಳಿದರೆ ಬರೆಯಲು ವಿಷಯ ತಾನಾಗಿ ಸಿಗುತ್ತದೆ.

ಅದೇ ಸಿನಿಮಾದಲ್ಲಿ ಇನ್ನೊಂದು ದೃಶ್ಯ ಇದೆ. ನನಗೆ ಅದು ಇಡೀ ಸಿನಿಮಾದ ಜೀವ. ನಾಯಕಿಗೆ ಎಸ್. ಜಾನಕಿ ಅವರ ಹೆಸರನ್ನೇ ಇಟ್ಟಿರುತ್ತಾರೆ, ಶಾಲೆಯಲ್ಲಿ ಚೆನ್ನಾಗಿ ಹಾಡುವ ಹುಡುಗಿ. ಸಹಪಾಠಿ ರಾಮ್ ‘ಹಾಡು’ ಅಂತ ಕೇಳಿಕೊಳ್ಳುತ್ತಿದ್ದ ಒಂದು ಹಾಡನ್ನು ಮಾತ್ರ ಅವಳು ಯಾವತ್ತೂ ಹಾಡಿರುವುದಿಲ್ಲ. ಅದು 1991ರ ‘ದಳಪತಿ’ಯ ‘ಯಮುನೈ ಆಟ್ರಿಲೇ’, ಇಳಯರಾಜ ಮಾಡಿದ ಪುಟ್ಟ ಹಾಡು. ಎಷ್ಟೋ ವರ್ಷ ಆದ ಮೇಲೆ ಒಂದು ರಾತ್ರಿ ಅವನ ಮನೆಯಲ್ಲಿ ಕರೆಂಟ್ ಹೋಗುತ್ತದೆ. ಕತ್ತಲಲ್ಲಿ ಅವಳು ಅದನ್ನು ಹಾಡಲು ಶುರು ಮಾಡುತ್ತಾಳೆ. ವಾದ್ಯವೇ ಇಲ್ಲ, ಬರೀ ದನಿ. ಅವನು ಕತ್ತಲಲ್ಲೇ ಓಡಿ ಬರುತ್ತಾನೆ. ಆ ಸಿನಿಮಾದಲ್ಲಿ ನಾಯಕಿಯ ಪಾತ್ರ ಮಾಡಿದ ತ್ರಿಷಾ ಅವರ ಮಾತಿಗೆ ಡಬ್ಬಿಂಗ್ ಮಾಡಿದ್ದೂ ಗಾಯಕಿ ಚಿನ್ಮಯಿ, ಹಾಡಿದ್ದೂ ಚಿನ್ಮಯಿ. ಹಾಗಾಗಿ ಮಾತು ಎಲ್ಲಿ ಮುಗಿದು ಹಾಡು ಎಲ್ಲಿ ಶುರುವಾಯಿತು ಅನ್ನುವ ಹೊಲಿಗೆ ಕಾಣುವುದಿಲ್ಲ. ಅಲ್ಲಿ ಒಂದು ತಂಬೂರಿಯ ಶ್ರುತಿ ಇಟ್ಟಿದ್ದರೂ ಅದು ‘ಹಾಡು’ ಆಗಿಬಿಡುತ್ತಿತ್ತು. ಏನೂ ಇಡದೇ ಇರುವ ಧೈರ್ಯವೂ ಸಂಗೀತ ನಿರ್ದೇಶನವೇ. ನೀನು ‘96’ರ ಹಾಡುಗಳ ಬಗ್ಗೆ ಎರಡು ಪ್ಯಾರಾ ಬರೆದಿದ್ದೀಯ, ಇದರ ಬಗ್ಗೆ ಒಂದು ಸಾಲೂ ಇಲ್ಲ.

ದನಿಗಳ ವಿಷಯಕ್ಕೆ ಬರುತ್ತೇನೆ. ‘ಥಗ್ ಲೈಫ್’ ಸಿನಿಮಾದ ‘ಮುತ್ತ ಮೞೈ’ ಹಾಡಿನ ಬಗ್ಗೆ ನೀನು ಬರೆದದ್ದು ಓದಿ ನನಗೆ ಸ್ವಲ್ಪ ನೋವಾಯಿತು. ರೆಹಮಾನ್ ಅವರ ಆ ಹಾಡನ್ನು ತಮಿಳಿನಲ್ಲಿ ಹಾಡಿದ್ದು ಧೀ ಅನ್ನುವ ಗಾಯಕಿ. 2025ರ ಮೇ ತಿಂಗಳಲ್ಲಿ ಚೆನ್ನೈಯ ಆಡಿಯೊ ಬಿಡುಗಡೆಗೆ ಅವರು ಬರಲಿಲ್ಲ, ಚಿನ್ಮಯಿ ವೇದಿಕೆಯಲ್ಲಿ ಹಾಡಿದರು. ಜನ ಹುಚ್ಚೆದ್ದು ಕೇಳಿದರು. ಆಮೇಲೆ ಯಾರು ಮೇಲು ಅಂತ ಜಗಳ ಶುರುವಾಯಿತು. ನೀನೂ ಮಾರ್ಕ್ಸ್ ಕೊಡಲು ಕೂತಿದ್ದೀಯ.

ಬೇಡ ತಮ್ಮ. ಎರಡೂ ದನಿಯನ್ನು ಪಕ್ಕಪಕ್ಕ ಇಟ್ಟು ಕೇಳು. ಧೀ ಅವರ ದನಿಯಲ್ಲಿ ಒಂದು ಮಬ್ಬು ಇದೆ, ಉಸಿರು ಜಾಸ್ತಿ. ಮಾತು ಪೂರ್ತಿ ಹೊರಗೆ ಬರುವ ಮೊದಲೇ ಒಳಗೆ ಎಳೆದುಕೊಂಡ ಹಾಗೆ ಕೇಳುತ್ತದೆ. ತನಗೆ ತಾನೇ ಹೇಳಿಕೊಳ್ಳುವವಳ ದನಿ. ಚಿನ್ಮಯಿ ಅವರದು ಶಾಸ್ತ್ರೀಯ ಸಂಗೀತದಲ್ಲಿ ಪಳಗಿದ ದನಿ, ಪ್ರತಿ ಅಕ್ಷರವೂ ತೊಳೆದಿಟ್ಟ ಹಾಗೆ. ಎದುರಿಗಿರುವವನಿಗೆ ಕೇಳಲೇಬೇಕು ಅಂತ ಹಾಡುವವಳ ದನಿ. ಟ್ಯೂನು ಒಂದೇ, ಹೆಣ್ಣು ಬೇರೆ ಬೇರೆ. ಇನ್ನೊಂದು ವಿಷಯವನ್ನೂ ಮರೆಯಬೇಡ. 2018ರಲ್ಲಿ ಲೈಂಗಿಕ ಕಿರುಕುಳದ ಬಗ್ಗೆ ಬಹಿರಂಗವಾಗಿ ಮಾತಾಡಿದ ಮೇಲೆ ಚಿನ್ಮಯಿ ಅವರಿಗೆ ತಮಿಳಿನಲ್ಲಿ ಹಾಡುವ ಅವಕಾಶಗಳು ತೀರಾ ಕಮ್ಮಿಯಾಗಿದ್ದವು. ಅವತ್ತು ಸಭೆ ಕೇಳಿದ್ದು ಹಾಡನ್ನು ಮಾತ್ರ ಅಲ್ಲ, ಅಷ್ಟು ವರ್ಷಗಳನ್ನೂ ಕೇಳಿತು. ಅದನ್ನು ಸ್ಟುಡಿಯೊ ರೆಕಾರ್ಡಿಂಗ್ ಜೊತೆ ತಕ್ಕಡಿಗೆ ಹಾಕುವುದು ಧೀ ಅವರಿಗೂ ನ್ಯಾಯ ಅಲ್ಲ, ಚಿನ್ಮಯಿ ಅವರಿಗೂ ನ್ಯಾಯ ಅಲ್ಲ.

ಆ ಹಾಡಿನ ಹೆಸರಿನಲ್ಲೇ ನಮಗೊಂದು ಉಡುಗೊರೆ ಇದೆ, ಗಮನಿಸಿದೆಯಾ? ಅದು ಮುತ್ತಿನ, ಅಂದರೆ ಚುಂಬನಗಳ ಮಳೆ. ತಮಿಳರ ‘ಮೞೈ’ ಹಳಗನ್ನಡದಲ್ಲಿ ‘ಮೞೆ’. ಆ ೞ ನಮ್ಮ ಬಾಯಿಂದ ಯಾವತ್ತೋ ಜಾರಿತು. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಆ ಅಕ್ಷರ ಬರುವ ಪದಗಳನ್ನು ಪಟ್ಟಿ ಮಾಡಿಟ್ಟಿದ್ದಾನೆ. ತಮಿಳರು ಇವತ್ತಿಗೂ ಅದನ್ನು ಉಳಿಸಿಕೊಂಡಿದ್ದಾರೆ. ಗಾಯಕರನ್ನು ಅಳೆಯುವಾಗ ಅಲ್ಲಿನ ಜನ ಈ ಒಂದು ಅಕ್ಷರಕ್ಕೆ ಕಿವಿ ಕೊಡುತ್ತಾರೆ. ನಾಲಗೆ ಹಿಂದಕ್ಕೆ ಮಡಚಿಕೊಂಡು, ಎಲ್ಲೂ ತಾಗದೆ ಆ ದನಿ ಹೊರಡಬೇಕು. ನೀನೂ ಕಿವಿ ಕೊಡು. ಕನ್ನಡದವನಾಗಿ ತಮಿಳು ಹಾಡಿನ ಬಗ್ಗೆ ಬರೆಯುವುದರ ಸುಖ ಇಂಥ ಕಡೆ ಇದೆ.

ಪಳಗಿದ ದನಿ ಮಾತ್ರ ಒಳ್ಳೆಯ ದನಿ ಅಂದುಕೊಳ್ಳಬೇಡ. 2021ರ ‘ಕರ್ಣನ್’ ಸಿನಿಮಾದ ‘ಕಂಡಾ ವರ ಸೊಲ್ಲುಂಗ’ ಕೇಳು. ಸಂತೋಷ್ ನಾರಾಯಣನ್ ಅದನ್ನು ಜನಪದ ಗಾಯಕಿ ಕಿಡಾಕುಳಿ ಮಾರಿಯಮ್ಮಾಳ್ ಅವರ ಕೈಲಿ ಹಾಡಿಸಿದರು. ಅದು ಬಯಲಿನಲ್ಲಿ ಹಾಡಿ ಗಟ್ಟಿಯಾದ ಹಾಗೆ ಕೇಳುವ ದನಿ. ಅದರ ಒರಟನ್ನು ನಯ ಮಾಡಲು ಯಾರೂ ಹೋಗಲಿಲ್ಲ. 2023ರ ‘ಮಾಮನ್ನನ್’ನಲ್ಲಿ ರೆಹಮಾನ್ ‘ರಾಸಾ ಕಣ್ಣು’ ಹಾಡನ್ನು ಹಾಸ್ಯನಟ ವಡಿವೇಲು ಅವರಿಗೆ ಕೊಟ್ಟರು. ಮೂವತ್ತು ವರ್ಷ ಜನರನ್ನು ನಗಿಸಿದ ದನಿ ಅಲ್ಲಿ ಅಳುತ್ತದೆ. ಪಕ್ಕಾ ಗಾಯಕ ಹಾಡಿದ್ದರೆ ಆ ದುಃಖ ಇಷ್ಟು ನಮ್ಮ ಮನೆಯದು ಅನ್ನಿಸುತ್ತಿರಲಿಲ್ಲ. ಇಲ್ಲೂ ಅದೇ ಪ್ರಶ್ನೆ ಕೇಳಿಕೋ. ಈ ದನಿಗೆ ಎಷ್ಟು ಜಾಗ ಬಿಟ್ಟಿದ್ದಾರೆ?

ಹಾಗೇ, ಹಾಡಿನ ಕೆಳಗೆ ಹಾಕಿರುವ ಹೆಸರುಗಳನ್ನು ಪೂರ್ತಿ ಓದು. ಗಿಟಾರ್ ಯಾರು, ಕೊಳಲು ಯಾರು, ಕೋರಸ್ ಯಾರು, ಮಿಕ್ಸಿಂಗ್ ಯಾರು. ಕೇಬಾ ಜೆರೆಮಯಾ ಅಂತ ಒಬ್ಬರು ಗಿಟಾರ್ ನುಡಿಸುವವರಿದ್ದಾರೆ. ರೆಹಮಾನ್, ಅನಿರುದ್ಧ್ ಇಬ್ಬರ ಹಾಡುಗಳಲ್ಲೂ ಅವರ ಬೆರಳಿದೆ. ನಿನ್ನ ಇಡೀ ಲೇಖನದಲ್ಲಿ ನುಡಿಸುವವರ ಒಂದು ಹೆಸರೂ ಇಲ್ಲ.

ತೀರಿಹೋದವರ ದನಿಯನ್ನು ಎಐಯಿಂದ ಮರಳಿ ತರುವ ಬಗ್ಗೆ ಕೇಳಿದ್ದೀಯ. 2024ರ ‘ಲಾಲ್ ಸಲಾಂ’ ಹಾಡೊಂದರಲ್ಲಿ ಬಂಬಾ ಬಾಕ್ಯಾ ಮತ್ತು ಶಾಹುಲ್ ಹಮೀದ್ ಅವರ ದನಿಗಳನ್ನು ಹಾಗೆ ತಂದರು. ಕುಟುಂಬದವರ ಒಪ್ಪಿಗೆ ಪಡೆದು, ಹಣ ಕೊಟ್ಟು ಮಾಡಿದ್ದು ಅಂತ ರೆಹಮಾನ್ ತಿಳಿಸಿದ್ದಾರೆ. ಅಷ್ಟಿದ್ದರೂ ನನಗೆ ಅದು ಒಗ್ಗಲಿಲ್ಲ. ಹಾಡುವವರು ಎಲ್ಲಿ ಉಸಿರು ತಗೊಂಡರು ಅಂತ ಹುಡುಕುವುದು ನನ್ನ ಅಭ್ಯಾಸ. ಅಲ್ಲಿ ಹುಡುಕಲು ಮನಸ್ಸು ಬರಲಿಲ್ಲ.

ಕೊನೆಗೆ ನಿನಗೊಂದು ಕೆಲಸ. 2023ರಲ್ಲಿ ಬಂದ ‘ವಿಡುದಲೈ’ ಸಿನಿಮಾದ ‘ಕಾಟ್ಟುಮಲ್ಲಿ’ ಹಾಡು. ಎಂಬತ್ತರ ಅಂಚಿನಲ್ಲಿದ್ದ ಇಳಯರಾಜ ಮತ್ತು ನಮ್ಮ ಮೈಸೂರಿನ ಅನನ್ಯಾ ಭಟ್ ಹಾಡಿದ್ದಾರೆ. ‘ನಮ್ಮ ಹುಡುಗಿ ತಮಿಳಿನಲ್ಲಿ ಮಿಂಚಿದಳು’ ಅಂತ ಬರೆದು ಮುಗಿಸಬೇಡ. ಆ ಹೆಮ್ಮೆ ನನಗೂ ಇದೆ, ಆದರೆ ಅದರಿಂದ ಹಾಡು ಕೇಳಿಸುವುದಿಲ್ಲ. ಕಾಡಿನ ಮಲ್ಲಿಗೆಯ ಹಾಡದು. ವಯಸ್ಸಾದ ದನಿ ನಿಂತು ಎಳೆಯ ದನಿ ಶುರುವಾಗುವ ಗಳಿಗೆಗಳಿವೆಯಲ್ಲ, ಆ ನಡುವೆ ಏನೇನು ಇದೆ, ಏನೇನು ಇಲ್ಲ ಅಂತ ಕೇಳಿಸಿಕೊಂಡು ಒಂದು ಪುಟ ಬರೆ. ಭಾನುವಾರದೊಳಗೆ ಕಳಿಸು. ಅಷ್ಟರಲ್ಲಿ ನಾನೂ ಒಂದು ಪುಟ ಬರೆದಿಡುತ್ತೇನೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಹಾಡನ್ನು ಇನ್ನೊಂದು ಸಲ ಕೇಳೋಣ.

ಇಂತಿ,
ನಿನ್ನ ಅಕ್ಕ